ಪರದೆಯ ಮೇಲಿನ ಓಟ, ಟೈರಿನ ಭೌತವಿಜ್ಞಾನ

ರೇಸು ಹಾದಿಯನ್ನು ಒಮ್ಮೆ ಸುತ್ತಿ ಬರಲು ಕಾರು ತೆಗೆದುಕೊಳ್ಳುವ ಕಾಲಕ್ಕೆ 'ಲ್ಯಾಪ್ ಸಮಯ' ಎನ್ನುತ್ತಾರೆ. ಗಣಕದ ಪರದೆಯ ಮುಂದೆ ಸ್ಟೀರಿಂಗ್ ಚಕ್ರ, ಪೆಡಲುಗಳನ್ನಿಟ್ಟುಕೊಂಡು ಇದೇ ಓಟವನ್ನು ನಡೆಸುವುದು ಸಿಮ್ಯುಲೇಟರ್ ರೇಸಿಂಗ್. ಚಿಕ್ಕದಾಗಿ 'ಸಿಮ್ ರೇಸಿಂಗ್'. ಮೇಲ್ನೋಟಕ್ಕೆ ಇದು ಮಕ್ಕಳ ಆಟ. ಆದರೆ ಇದರ ನಾಲ್ಕು ದಶಕಗಳ ಇತಿಹಾಸದಲ್ಲಿ ಒಂದು ಗಂಭೀರ ಪ್ರಶ್ನೆ ಅಡಗಿದೆ. ಸಮೀಕರಣಗಳ ನಡುವೆ ಕಲಿತ ಚಾಲನೆ ನಿಜವಾದ ರಸ್ತೆಯ ಮೇಲೆ ಕೆಲಸಕ್ಕೆ ಬರುತ್ತದೆಯೆ?

32 ಕಿಲೊಬೈಟಿನಲ್ಲಿ ಸಿಲ್ವರ್‌ಸ್ಟೋನ್

1980ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನ ಜೆಫ್ ಕ್ರಾಮಂಡ್ ಅವರು ಬಿಬಿಸಿ ಮೈಕ್ರೊ ಗಣಕಕ್ಕಾಗಿ 'ರೆವ್ಸ್' ಎಂಬ ತಂತ್ರಾಂಶ ರಚಿಸಿದರು. ಕೇವಲ 32 ಕಿಲೊಬೈಟ್ ಸ್ಮೃತಿಯೊಳಗೆ ಸಿಲ್ವರ್‌ಸ್ಟೋನ್ ಹಾದಿಯನ್ನೂ ಫಾರ್ಮುಲಾ 3 ಕಾರನ್ನೂ ಅವರು ಅಡಗಿಸಿದ್ದರು. ಕಾರಿನ ಮುಂದಿನ ಹಾಗೂ ಹಿಂದಿನ ರೆಕ್ಕೆಗಳ ಕೋನವನ್ನು ಇದರಲ್ಲಿ ಬದಲಿಸಬಹುದಿತ್ತು. ರೆಕ್ಕೆಯ ಕೋನ ಹೆಚ್ಚಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಆದರೆ ನೇರ ಹಾದಿಯಲ್ಲಿ ಅದೇ ಗಾಳಿ ವೇಗವನ್ನು ಕುಗ್ಗಿಸುತ್ತದೆ. ಹೀಗೆ ಚಾಲನೆಯ ಜೊತೆಗೆ ಕಾರಿನ ಹೊಂದಾಣಿಕೆಯೂ ಲ್ಯಾಪ್ ಸಮಯವನ್ನು ನಿರ್ಧರಿಸತೊಡಗಿತು.

1989ರಲ್ಲಿ ಅಮೆರಿಕದ ಡೇವಿಡ್ ಕೇಮರ್ ಮತ್ತು ಓಮರ್ ಖುದಾರಿ ಅವರ ಪ್ಯಾಪಿರಸ್ ಸಂಸ್ಥೆ ಇಂಡಿಯಾನಾಪೊಲಿಸ್ ಓಟವನ್ನು ಗಣಕಕ್ಕೆ ತಂದಿತು. ಅಲ್ಲಿನ ತಿರುವುಗಳೆಲ್ಲ ಎಡಕ್ಕೇ. ಆದ್ದರಿಂದ ಬಲಗಡೆಯ ಟೈರಿನ ಸುತ್ತಳತೆಯನ್ನು ಎಡಗಡೆಯದಕ್ಕಿಂತ ತುಸು ಹೆಚ್ಚಿಸುತ್ತಾರೆ. ಕಾಗದದ ಲೋಟವನ್ನು ಮೇಜಿನ ಮೇಲೆ ಉರುಳಿಸಿ ನೋಡಿ. ಅದು ನೇರವಾಗಿ ಹೋಗದೆ, ಕಿರಿದಾದ ತುದಿಯ ಕಡೆಗೆ ತಿರುಗುತ್ತದೆ. ಕಾರಿಗೂ ಇದೇ ತತ್ತ್ವ ನೆರವಾಗುತ್ತದೆ.

ತಿರುವಿನ ಲೆಕ್ಕ

ಸಮತಟ್ಟಾದ ತಿರುವಿನಲ್ಲಿ ಕಾರಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಟೈರಿನ ಘರ್ಷಣೆಯೇ ಒದಗಿಸಬೇಕು. ಗರಿಷ್ಠ ವೇಗದ ವರ್ಗವು ಘರ್ಷಣಾ ಗುಣಾಂಕ, ಗುರುತ್ವ ವೇಗೋತ್ಕರ್ಷ ಹಾಗೂ ತಿರುವಿನ ತ್ರಿಜ್ಯ, ಈ ಮೂರರ ಗುಣಲಬ್ಧಕ್ಕೆ ಸಮ. ಗುಣಾಂಕ 1, ತ್ರಿಜ್ಯ 50 ಮೀಟರ್ ಆದರೆ ವೇಗ ಸೆಕೆಂಡಿಗೆ ಸುಮಾರು 22 ಮೀಟರ್, ಎಂದರೆ ಗಂಟೆಗೆ 80 ಕಿ.ಮೀ. ಹಾದಿಯ ಹೊರ ಅಂಚಿನಿಂದ ಹೊಕ್ಕು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಂದರೆ ತ್ರಿಜ್ಯ ಹಿಗ್ಗುತ್ತದೆ. ಅದು 60 ಮೀಟರ್ ಆದರೆ ವೇಗ ಗಂಟೆಗೆ 87 ಕಿ.ಮೀ. ಎಂಜಿನ್ ಅದೇ, ಟೈರು ಅದೇ. ಬದಲಾದದ್ದು ರೇಖೆ ಮಾತ್ರ.

ಆದರೆ ಗುಣಾಂಕ ಸ್ಥಿರವಲ್ಲ ಎಂಬುದೇ ಇಲ್ಲಿನ ತೊಡಕು. ತಿರುವಿನಲ್ಲಿ ಟೈರು ಮುಖಮಾಡಿದ ದಿಕ್ಕು ಮತ್ತು ಅದು ಸಾಗುವ ದಿಕ್ಕು ಒಂದೇ ಅಲ್ಲ. ಇವುಗಳ ನಡುವೆ ಒಂದು 'ಜಾರುಕೋನ' ಇರುತ್ತದೆ. ಕೋನ ಬೆಳೆದಂತೆ ಪಕ್ಕದ ಬಲವೂ ಬೆಳೆದು, ಕೆಲವು ಡಿಗ್ರಿಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಅನಂತರ ಇಳಿಯುತ್ತದೆ. ಈ ವಕ್ರರೇಖೆಯನ್ನು ಸೂತ್ರದಲ್ಲಿ ಹಿಡಿದ ಪ್ರಸಿದ್ಧ ಪ್ರಬಂಧವನ್ನು 1987ರಲ್ಲಿ ಬಾಕರ್, ನೈಬೋರ್ಗ್ ಮತ್ತು ಡೆಲ್ಫ್ಟ್‌ನ ಪ್ಯಾಸೆಯ್ಕಾ ಪ್ರಕಟಿಸಿದರು. ಅದು 'ಮಾಂತ್ರಿಕ ಸೂತ್ರ'ವೆಂದೇ ಹೆಸರಾಯಿತು. ಮುಂದಿನ ಚಕ್ರ ಜಾರುವಾಗ ಹೊಸಬರು ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುತ್ತಾರೆ. ಇದ್ದ ಹಿಡಿತವೂ ಹೋಗುತ್ತದೆ. ಕಾರಣ ಈ ವಕ್ರರೇಖೆಯಲ್ಲಿದೆ.

ಕಠಿಣವಾದ ಪಾಠಶಾಲೆ

1998ರಲ್ಲಿ ಪ್ಯಾಪಿರಸ್ ಹೊರತಂದ 'ಗ್ರಾಂಡ್ ಪ್ರಿ ಲೆಜೆಂಡ್ಸ್' 1967ರ ಫಾರ್ಮುಲಾ 1 ಋತುವನ್ನು ಮರುಸೃಷ್ಟಿಸಿತು. ಆ ಕಾರುಗಳಿಗೆ ರೆಕ್ಕೆಗಳಿರಲಿಲ್ಲ. ಆಟವೆಂದು ಭಾವಿಸಿ ಪೆಡಲು ತುಳಿದವರ ಕಾರು ಗಿರಕಿ ಹೊಡೆಯುತ್ತಿತ್ತು. ಬ್ರೇಕಿಗೂ ತಿರುವಿಗೂ ವೇಗವರ್ಧನೆಗೂ ಟೈರಿನ ಹಿಡಿತ ಒಂದೇ ಗಂಟು. ಒಂದಕ್ಕೆ ಪೂರ್ತಿ ಖರ್ಚು ಮಾಡಿದರೆ ಇನ್ನೊಂದಕ್ಕೆ ಉಳಿಯದು. ಆದ್ದರಿಂದ ಸ್ಟೀರಿಂಗ್ ತಿರುಗಿಸುತ್ತಾ ಹೋದಂತೆ ಬ್ರೇಕನ್ನು ಮೆಲ್ಲನೆ ಬಿಡಬೇಕು. ತಿರುವನ್ನು ತುಸು ನಿಧಾನವಾಗಿ ಹೊಕ್ಕು ಬೇಗ ಹೊರಬಂದರೆ, ಗಳಿಸಿದ ವೇಗ ಮುಂದಿನ ನೇರ ಹಾದಿಯುದ್ದಕ್ಕೂ ಲಾಭ ಕೊಡುತ್ತದೆ.

ಹೊಂದಾಣಿಕೆಗೂ ಶಿಸ್ತು ಬೇಕು. ರೆಕ್ಕೆ, ಟೈರಿನ ಒತ್ತಡ, ಸ್ಪ್ರಿಂಗು, ಗೇರು ಅನುಪಾತ ಇವೆಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಒಂದನ್ನೇ ಬದಲಿಸಿ, ಹಲವು ಸುತ್ತು ಓಡಿಸಿ, ಕಾಲವನ್ನು ಬರೆದಿಡಬೇಕು. ಒಂದೇ ಸುತ್ತಿನ ಅದೃಷ್ಟವನ್ನು ನಂಬಬಾರದು. ಇದು ನಮ್ಮ ಪ್ರಯೋಗಶಾಲೆಯ ನಿಯಮವೇ ಅಲ್ಲವೆ?

ಪರದೆಯಿಂದ ಹಾದಿಗೆ

ಕೇಮರ್ ಮತ್ತೆ ಜಾನ್ ಹೆನ್ರಿ ಅವರೊಡನೆ ಆರಂಭಿಸಿದ 'ಐರೇಸಿಂಗ್' 2008ರಲ್ಲಿ ಬಳಕೆಗೆ ಬಂತು. ಅದರಲ್ಲಿ ನಿಜವಾದ ಹಾದಿಗಳ ಉಬ್ಬುತಗ್ಗುಗಳನ್ನು ಲೇಸರ್‌ನಿಂದ ಅಳೆದು ಸೇರಿಸಿದ್ದರು. ಅದರ ಅಗ್ರ ಸ್ಪರ್ಧಿಯಾಗಿದ್ದ ಫಿನ್ಲೆಂಡಿನ ಗ್ರೆಗರ್ ಹುಟ್ಟು ಅವರನ್ನು 2010ರಲ್ಲಿ ಅಮೆರಿಕದ ರೋಡ್ ಅಟ್ಲಾಂಟಾ ಹಾದಿಯಲ್ಲಿ ನಿಜವಾದ ರೇಸು ಕಾರಿನಲ್ಲಿ ಕೂರಿಸಿ ಪರೀಕ್ಷಿಸಲಾಯಿತು. ರೇಖೆ, ಬ್ರೇಕು ಎಲ್ಲವೂ ಅವರಿಗೆ ಗೊತ್ತಿತ್ತು, ವೇಗವೂ ಬಂತು. ಆದರೆ ಬಿಸಿಲಿನ ಝಳ ಮತ್ತು ಪಕ್ಕಕ್ಕೆ ಎಳೆಯುವ ಬಲಗಳನ್ನು ದೇಹ ತಾಳದೆ ವಾಂತಿಯಾಯಿತು. ಇತ್ತ 2008ರಲ್ಲಿ ಆರಂಭವಾದ 'ಜಿಟಿ ಅಕಾಡೆಮಿ' ಸ್ಪರ್ಧೆಯ ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೋನ್ಯೆಸ್, ತರಬೇತಿ ಪಡೆದು 2011ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ತಂಡದೊಡನೆ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ ಗಳಿಸಿದರು.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇವೆರಡರ ನಡುವೆ ಇದೆ. ಪ್ರತಿರೂಪದಲ್ಲಿ ಏನನ್ನು ಸೇರಿಸಿದ್ದೇವೋ ಅಷ್ಟನ್ನು ಅದು ಕಲಿಸುತ್ತದೆ. ಟೈರನ್ನು ಸೇರಿಸಿದ್ದರಿಂದ ಟೈರಿನ ಪಾಠ ಹಾದಿಯ ಮೇಲೂ ನಿಂತಿತು. ದೇಹವನ್ನು ಸೇರಿಸಿರಲಿಲ್ಲ, ಆ ಪಾಠವನ್ನು ಹಾದಿಯೇ ಕಲಿಸಬೇಕಾಯಿತು.