ದರ್ಪಣದಿಂದ ಇಳಿದುಬಂದವರು

ತನ್ನನ್ನೇ ಹೋಲುವ ಮತ್ತೊಬ್ಬರು ತನ್ನ ಸ್ಥಾನವನ್ನು ಆಕ್ರಮಿಸಿಯಾರೆಂಬ ಭಯವು ಬಹು ಪ್ರಾಚೀನವಾದುದೆಂಬುದನ್ನು, ಸೂರ್ಯನ ತೇಜಸ್ಸನ್ನು ತಾಳಲಾರದ ಸಂಜ್ಞಾದೇವಿಯು ಛಾಯೆಯನ್ನು ತನ್ನ ಸ್ಥಾನದಲ್ಲಿ ನಿಲ್ಲಿಸಿ ಹೊರಟುಹೋದ ಕಥೆಯನ್ನು ಬಲ್ಲ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಆ ಭಯಕ್ಕೆ ಚಲಿಸುವ ರೂಪವನ್ನು ಕೊಡುವ ಕಸುಬು ಹುಟ್ಟಿದುದು ಚಲಚ್ಚಿತ್ರದೊಡನೆ. 1900ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸನು ತಾನೊಬ್ಬನೇ ಏಳು ಮಂದಿ ವಾದ್ಯಗಾರರಾಗಿ ಒಂದೇ ಸಾಲಿನಲ್ಲಿ ಕುಳಿತು ತೋರಿಸಿದುದು ಕೇವಲ ವಿನೋದ. ಆ ವಿನೋದವು 1913ರ ಜರ್ಮನ್ ಚಿತ್ರವಾದ 'ಪ್ರಾಗಿನ ವಿದ್ಯಾರ್ಥಿ'ಯಲ್ಲಿ ಭೀತಿಯಾಗಿ ಪರಿಣಮಿಸಿತು. ಕೋಣೆಯೊಳಗಿನ ಯಾವುದನ್ನಾದರೂ ಒಯ್ಯಬಹುದೆಂದು ಒಪ್ಪಿ ಹಣ ಪಡೆದ ಬಡ ವಿದ್ಯಾರ್ಥಿಯ ಪ್ರತಿಬಿಂಬವನ್ನೇ ವೃದ್ಧನೊಬ್ಬನು ಕನ್ನಡಿಯಿಂದ ಹೊರಕ್ಕೆ ಕರೆದೊಯ್ಯುತ್ತಾನೆ. ಛಾಯಾಗ್ರಾಹಕ ಗೀಡೋ ಜೇಬರನು ಕ್ಯಾಮರಾವನ್ನು ಅಚಲವಾಗಿ ನಿಲ್ಲಿಸಿ, ದೃಶ್ಯದ ಅರ್ಧವನ್ನು ಮರೆಮಾಡಿ ಚಿತ್ರಿಸಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಉಳಿದರ್ಧವನ್ನು ಚಿತ್ರಿಸುವಾಗ, ನಟ ಪಾಲ್ ವೆಗೆನರನು ಬರಿಯ ಶೂನ್ಯವನ್ನು ಎದುರಿಗಿಟ್ಟುಕೊಂಡು ತನ್ನನ್ನು ತಾನೇ ಕಂಡು ನಡುಗಬೇಕಾಗಿತ್ತು. ಆ ಚಿತ್ರದಿಂದ ಪ್ರೇರಿತನಾಗಿಯೇ ಮನಶ್ಶಾಸ್ತ್ರಜ್ಞ ಆಟೋ ರ‍್ಯಾಂಕನು 1914ರಲ್ಲಿ ಪ್ರತಿರೂಪಗಳನ್ನು ಕುರಿತ ತನ್ನ ಪ್ರಬಂಧವನ್ನು ಬರೆದನು.

ಈ ಕಸುಬು ಪಕ್ವವಾದುದು, ನನ್ನ ಮಟ್ಟಿಗೆ, ಹಣವೂ ಕಾಲವೂ ಮಿತವಾಗಿದ್ದ ಅಮೆರಿಕದ ದೂರದರ್ಶನದಲ್ಲಿ. ವಿಶೇಷವಾಗಿ 1960ರ ಫೆಬ್ರವರಿ 26ರ ರಾತ್ರಿ ಪ್ರಸಾರವಾದ, 'ಟ್ವೈಲೈಟ್ ಝೋನ್' ಮಾಲೆಯ 'ಮಿರರ್ ಇಮೇಜ್' ಎಂಬ ಅರ್ಧ ಗಂಟೆಯ ಕಥೆಯಲ್ಲಿ. ವಿಮಾನ ನಿಲ್ದಾಣವೊಂದರಲ್ಲಿ ತನ್ನಂತೆಯೇ ಉಡುಪು ಧರಿಸಿ, ತನ್ನದರಂಥ ಪೆಟ್ಟಿಗೆಯನ್ನೇ ಹಿಡಿದು, ಬೆನ್ನು ತಿರುಗಿಸಿ ನಿಂತವನೊಬ್ಬನನ್ನು ಕಂಡು, ಅವನು ಮುಖ ತಿರುಗಿಸಿದರೆ ಏನು ಗತಿಯೆಂದು ಬೆದರಿದ ಲೇಖಕ ರಾಡ್ ಸರ್ಲಿಂಗನು ಇದನ್ನು ರಚಿಸಿದನು. ನಿರ್ದೇಶಿಸಿದವನು ಹ್ಯಾಂಬರ್ಗಿನಲ್ಲಿ ಹುಟ್ಟಿದ ಜಾನ್ ಬ್ರಾಮ್. ನ್ಯೂಯಾರ್ಕ್ ಪ್ರಾಂತದ ಇಥಾಕಾ ಪಟ್ಟಣದ ಬಸ್ ನಿಲ್ದಾಣ, ಮಳೆಯ ರಾತ್ರಿ, ಬೆರಳೆಣಿಕೆಯ ಪಾತ್ರಗಳು: ಇಷ್ಟೇ ಸಾಮಗ್ರಿ. ಬಸ್ಸು ಎಷ್ಟು ಹೊತ್ತಿಗೆ ಬರುವುದೆಂದು ತರುಣಿ ಮಿಲಿಸೆಂಟಳು ಮೊದಲ ಬಾರಿಗೆ ಕೇಳಿದರೆ, ಎಷ್ಟು ಸಲ ಕೇಳುತ್ತೀರೆಂದು ಟಿಕೆಟಿನವನು ಸಿಡುಕುತ್ತಾನೆ. ಅವಳ ಪೆಟ್ಟಿಗೆಯಾದರೋ ಆಗಲೇ ಅವನ ಹಿಂದೆ ಸಾಮಾನುಗಳ ನಡುವೆ ಕುಳಿತಿರುತ್ತದೆ. ಇಲ್ಲಿ ಪ್ರತಿರೂಪವು ಕಾಣಿಸುವುದಕ್ಕಿಂತ ಮುಂಚೆ ಅದರ ಕೃತ್ಯಗಳು ಕಾಣಿಸುತ್ತವೆ. ಸುಳ್ಳು ಹೇಳಲು ಕಾರಣವೇ ಇಲ್ಲದ ಸಾಮಾನ್ಯರ ಸಾಕ್ಷ್ಯದಿಂದಲೇ ಒಬ್ಬಳ ಬುದ್ಧಿಯ ಮೇಲಿನ ವಿಶ್ವಾಸವು ಕುಸಿಯುತ್ತದೆ. ಕೈತೊಳೆಯುವ ಕೋಣೆಯ ಕನ್ನಡಿಯಲ್ಲಿ, ತೆರೆದ ಬಾಗಿಲಿನಾಚೆ, ಬೆಂಚಿನ ಮೇಲೆ ಕುಳಿತ ತನ್ನನ್ನೇ ಅವಳು ಕಾಣುವ ಗಳಿಗೆಯು ಕ್ಷಣಮಾತ್ರದ್ದು; ಅದು ದೀರ್ಘವಾಗಿದ್ದರೆ ಅಷ್ಟು ಕ್ರೂರವಾಗುತ್ತಿರಲಿಲ್ಲ. ಅವಳಿಗೆ ಸಮಾಧಾನ ಹೇಳಿ, ಬಳಿಕ ಹುಚ್ಚೆಂದು ಬಗೆದು ಪೋಲೀಸರಿಗೊಪ್ಪಿಸಿದ ಸಜ್ಜನನ ಪೆಟ್ಟಿಗೆಯೂ ಕೊನೆಗೆ ಮಾಯವಾಗುತ್ತದೆ. ಓಡುತ್ತಿರುವ ಕಳ್ಳನು ಹಿಂತಿರುಗಿ ನಗುವಾಗ ಕಾಣುವುದು ಅವನದೇ ಮುಖ. ನಾಯಕಿಯಾದ ವೆರಾ ಮೈಲ್ಸಳೇ ಹಿಚ್‌ಕಾಕನ 'ವರ್ಟಿಗೋ'ದಲ್ಲಿ ದ್ವಿಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದು, ಗರ್ಭಿಣಿಯಾದುದರಿಂದ ಅದನ್ನು ಬಿಟ್ಟುಕೊಟ್ಟವಳು. ಆಕೆಯ ಅಭಿನಯಶಕ್ತಿಯು ಈ ಸಣ್ಣ ಕಥೆಗೆ ಒದಗಿಬಂದುದು ನಮ್ಮ ಭಾಗ್ಯ.

ಈ ಪರಂಪರೆಯು ನಿಂತಿಲ್ಲ. 2023ರ ಡಿಸೆಂಬರ್ 2ರಂದು ಬ್ರಿಟನ್ನಿನಲ್ಲಿ ಪ್ರಸಾರವಾದ 'ಡಾಕ್ಟರ್ ಹೂ' ಮಾಲೆಯ 'ವೈಲ್ಡ್ ಬ್ಲೂ ಯಾಂಡರ್' ಎಂಬ ಕಂತು, ನಿರ್ಜನ ಆಕಾಶನೌಕೆಯೊಂದರಲ್ಲಿ ನಟರಾದ ಡೇವಿಡ್ ಟೆನೆಂಟ್, ಕ್ಯಾಥರೀನ್ ಟೇಟ್ ಇಬ್ಬರನ್ನೇ ಅವರವರ ದುಷ್ಟ ಪ್ರತಿರೂಪಗಳೊಡನೆ ಹೆಚ್ಚುಕಾಲ ನಿಲ್ಲಿಸುತ್ತದೆ. ಅಳತೆಮೀರಿ ಬೆಳೆಯುವ ತೋಳುಗಳನ್ನು ತೋರಿಸಲು ಅಲ್ಲಿ ಗಣಕಯಂತ್ರದ ಸಕಲ ಕೌಶಲವೂ ವ್ಯಯವಾಗಿದೆ. ಆದರೂ ನನ್ನನ್ನು ಕಂಗೆಡಿಸಿದುದು ಆ ತೋಳುಗಳಲ್ಲ. ಸಕಲವನ್ನೂ ಬಲ್ಲವನೆನಿಸಿದ ನಾಯಕನು ಆತುರದಲ್ಲಿ ನಿಜವಾದ ಸಂಗಾತಿಯನ್ನು ಹಿಂದೆ ಬಿಟ್ಟು, ಪ್ರತಿರೂಪವನ್ನೇ ನಂಬಿ ತನ್ನ ವಾಹನದೊಳಗೆ ಕರೆದುಕೊಂಡುದು.