ಸಾಮ್ಯ

ಕನ್ನಡ ಸತ್ಯವೇದದಲ್ಲಿ ಯೇಸುವಿನ ದೃಷ್ಟಾಂತಕಥೆಗಳಿಗೆ ಸಲ್ಲುವ ‘ಸಾಮ್ಯ’ವೆಂಬ ಹೆಸರು, ‘ಸಮ’ವೆಂಬ ಸಂಸ್ಕೃತ ಶಬ್ದದಿಂದ ಹುಟ್ಟಿ, ಗ್ರಂಥಭಾಷೆಯಲ್ಲಿ ಕೇವಲ ಹೋಲಿಕೆಯೆಂಬರ್ಥದಲ್ಲಿ ಬಳಕೆಯಾಗುತ್ತಿದ್ದುದಾದರೂ, ಕ್ರೈಸ್ತರ ಕೈಗೆ ಬಂದು ಒಂದು ಕಥಾಪ್ರಕಾರದ ಸಂಜ್ಞೆಯಾಯಿತು, ಕಥೋಲಿಕರು ‘ಸಾಮತಿ’ಯೆನ್ನುವರು. ಮೂಲದ ಗ್ರೀಕ್ ‘ಪರಬೊಲೆ’ಗೆ ಪಕ್ಕದಲ್ಲಿ ಎಸೆದಿಡುವುದೆಂದು ಧಾತ್ವರ್ಥ, ಅದರ ಹಿಂದಿರುವ ಹೀಬ್ರೂ ‘ಮಾಶಾಲ್’ ಗಾದೆ, ಒಗಟು, ಕಥೆಗಳೆಲ್ಲವನ್ನೂ ಒಳಗೊಳ್ಳುವಷ್ಟು ವಿಶಾಲವಾದುದು.

ಪಕ್ಕದಲ್ಲಿಟ್ಟುದಾದರೂ ಏನನ್ನು? ಗಲಿಲಾಯದ ಬಿತ್ತನೆಯನ್ನು, ಬಲೆಯನ್ನು, ದೀಪ ಹಚ್ಚಿ ಮನೆ ಗುಡಿಸಿ ಕಳೆದ ನಾಣ್ಯವನ್ನರಸುವ ಹೆಂಗಸನ್ನು. ಇವುಗಳಲ್ಲಿ ಹುಳಿಹಿಟ್ಟಿನ ಸಾಮ್ಯವು, ಮತ್ತಾಯನ 13ನೆಯ ಅಧ್ಯಾಯದಲ್ಲಿ ಒಂದೇ ವಾಕ್ಯಕ್ಕೆ ಮುಗಿದುಹೋದರೂ, ನನಗೆ ಎಲ್ಲಕ್ಕಿಂತ ಸೋಜಿಗದ್ದಾಗಿ ತೋರುತ್ತದೆ: ಆ ಗೃಹಿಣಿ ಕಲಸುವುದು ಮೂರು ‘ಸಾತ’, ಎಂದರೆ ಸುಮಾರು 40 ಲೀಟರಿನಷ್ಟು ಹಿಟ್ಟು, ನೂರು ಮಂದಿಯ ರೊಟ್ಟಿಗೆ ಸಾಲುವಂಥದು, ಮೇಲಾಗಿ, ಪಸ್ಕಹಬ್ಬಕ್ಕೆ ಮನೆಯೊಳಗಿನ ಹುಳಿಯನ್ನೆಲ್ಲ ಹೊರಹಾಕುವ ಯೆಹೂದ್ಯರಿಗೆ, ಆ ಹುಳಿಯೇ ದೇವರಾಜ್ಯಕ್ಕೆ ಸಮಾನವೆಂಬ ಮಾತು ಕಿವಿಗೆ ಕಟುವಾಗಿಯೇ ಕೇಳಿಸಿರಬೇಕು. ಆದುದರಿಂದ ಸಾಮ್ಯವನ್ನು ಮಕ್ಕಳಿಗೆ ಹೇಳುವ ನೀತಿಕಥೆಯೆಂದು ಭಾವಿಸುವುದು, ನನ್ನ ಎಣಿಕೆಯಲ್ಲಿ, ಅದರ ಮೊನೆಯನ್ನು ಮೊಂಡುಮಾಡಿದಂತೆ.

ಗ್ರೀಕ್ ಪದದ ಮುಂದಿನ ಸಂಚಾರವೂ ವಿನೋದಕರವಾದುದೇ. ಲ್ಯಾಟಿನ್ನಿಗೆ ‘ಪರಾಬೊಲ’ವಾಗಿ ಹೋಗಿ, ಅಲ್ಲಿಂದ ಫ್ರೆಂಚಿನಲ್ಲಿ ‘ಪರೋಲ್’, ಸ್ಪ್ಯಾನಿಷಿನಲ್ಲಿ ‘ಪಲಾಬ್ರ’ ಎಂದು ರೂಪಾಂತರ ಹೊಂದಿ, ಕಥೆಯೆಂಬ ಅರ್ಥವನ್ನು ದಾರಿಯಲ್ಲಿಯೇ ಕಳಚಿ, ಕಡೆಗೆ ಬರಿಯ ‘ಮಾತು’ ಎಂದಷ್ಟೇ ಆಯಿತು. ನಮ್ಮ ‘ಸಾಮ್ಯ’ಕ್ಕೆ ಅಂಥ ಅಲೆದಾಟ ಒದಗಲಿಲ್ಲ, ಇಗರ್ಜಿಯ ಹೊರಗೆ ಅದು ಇಂದಿಗೂ ಎರಡು ವಸ್ತುಗಳ ಹೋಲಿಕೆಯನ್ನೇ ಹೇಳುತ್ತದೆ.