ಘಟ್ಟ ಇಳಿಸಬಲ್ಲ ಎಂಜಿನ್

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಅಡಿಕೆ, ಯಕ್ಷಗಾನ, ಮಠ, ಕಾಡು, ಸಹಕಾರಿ ಸಂಘ ಎಲ್ಲಕ್ಕೂ ಅಧ್ಯಾಯಗಳಿವೆ. ಆ ಅಡಿಕೆಯನ್ನು ಹೊರಗೆ ಒಯ್ದು, ಸಿಮೆಂಟು, ಗೊಬ್ಬರ, ಕಬ್ಬಿಣವನ್ನು ಒಳಗೆ ತಂದ ಲಾರಿಗೆ ಯಾರಾದರೂ ಅಧ್ಯಾಯ ಮೀಸಲಿಟ್ಟದ್ದನ್ನು ನಾನು ಕಾಣೆ. ರೈಲು ಇಂದಿಗೂ ಮುಟ್ಟದ ಈ ಮೂರು ತಾಲ್ಲೂಕುಗಳಿಗೆ ಲಾರಿಯೇ ರೈಲು. ಆದರೂ ಅದರ ಚರಿತ್ರೆ ಗ್ಯಾರೇಜುಗಳ ಬಾಯಿಮಾತಿನಲ್ಲೇ ಉಳಿದಿದೆ.

ಈ ಉದಾಸೀನದ ಫಲ ಈಗ ಕಾಣುತ್ತಿದೆ. ಹಿಟಾಚಿ, ರೋಲರ್ ಸಾಗಿಸಲು ಹಳೆಯ ಲೋಬೆಡ್ ಟ್ರೇಲರ್ ಕೊಳ್ಳುವ ಹುಡುಗರು ಹೆಚ್ಚಿದ್ದಾರೆ. ಎಳೆಯುವ ಗಾಡಿಗೆ ಯಾವ ಎಂಜಿನ್ ಒಳ್ಳೆಯದು ಎಂದು ಕೇಳಲು ಬಂದವರ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದು. ಎರಡನೆಯದು, ‘ಹಳೇ ಎಂಜಿನ್ನೇ ಗಟ್ಟಿ ಅಲ್ವಾ?’ ಮೊದಲನೆಯದು ಅರ್ಧ ಪ್ರಶ್ನೆ. ಎರಡನೆಯದು ಮೊಬೈಲಿನಲ್ಲಿ ನೋಡಿ ಕಲಿತ ಭಕ್ತಿ. ಎರಡಕ್ಕೂ ಉತ್ತರ ಬೇಕೆಂದರೆ ಈ ಘಟ್ಟಗಳಲ್ಲಿ ಯಾವ ಎಂಜಿನ್ ಯಾವಾಗ ಬಂತು, ಯಾಕೆ ಉಳಿಯಿತು, ಯಾಕೆ ಹೋಯಿತು ಎಂಬುದನ್ನು ನೋಡಬೇಕು.

ಎತ್ತಿನ ಗಾಡಿಯ ಕಾಲವನ್ನು ಬೇಗ ದಾಟೋಣ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಧಾರವಾಡ ಕಡೆಯ ಹತ್ತಿ ಕುಮಟಾ ಬಂದರಿಗೆ ಇಳಿಯತೊಡಗಿತು. ಘಟ್ಟದ ರಸ್ತೆಗಳಿಗೆ ಸರ್ಕಾರದ ಹಣ ಬಂದದ್ದು ಆ ಹತ್ತಿಯ ದೆಸೆಯಿಂದ. ದೇವಿಮನೆ, ಅರಬೈಲ್, ದೊಡ್ಡಮನೆ, ವಡ್ಡಿ ಘಟ್ಟಗಳೆಲ್ಲ ಸುಮಾರು 500-600 ಮೀಟರ್ ಎತ್ತರದ ಮಲೆನಾಡನ್ನು ಕಡಲ ಮಟ್ಟಕ್ಕೆ ಜೋಡಿಸುತ್ತವೆ. ಎತ್ತು ಹೋಗಿ ಎಂಜಿನ್ ಬಂದರೂ ಆ ಎತ್ತರ ತಗ್ಗಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನ ಫೋರ್ಡ್, ಷೆವರ್ಲೆ ಲಾರಿಗಳು ಕಾಡಿಗೆ ಬಂದವು. ಚಾಸಿ ಗಟ್ಟಿ, ಎಂಜಿನ್ ಪೆಟ್ರೋಲಿನದು, ಹೊಟ್ಟೆಬಾಕ. ಅದನ್ನು ಕಿತ್ತು ಪರ್ಕಿನ್ಸ್ ಪಿ6 ಡೀಸೆಲ್ ಕೂರಿಸುವ ರೂಢಿ ದೇಶದ ಉದ್ದಗಲಕ್ಕೂ ಹಬ್ಬಿತು. ಮದ್ರಾಸಿನ ಸಿಂಪ್ಸನ್ ಕಂಪನಿ ಆ ಎಂಜಿನ್ನನ್ನು ಇಲ್ಲೇ ತಯಾರಿಸಿದ್ದರಿಂದ ಬಿಡಿಭಾಗ ಸಿಗುತ್ತಿತ್ತು. ಅದರ ಶಕ್ತಿ 83 ಅಶ್ವಶಕ್ತಿ. ಇಂದಿನ ಮಧ್ಯಮ ಗಾತ್ರದ ಕಾರಿನಲ್ಲೂ ಅದಕ್ಕಿಂತ ಹೆಚ್ಚಿದೆ. ಆದರೂ ಅದು ದಿಮ್ಮಿ ಹೊತ್ತು ಘಟ್ಟ ಏರಿತು. ಎಚ್‌ಪಿ ಕೇಳುವವರು ಈ ಸಂಗತಿಯನ್ನು ಗಂಟುಹಾಕಿಕೊಳ್ಳಬೇಕು.

1954ರಲ್ಲಿ ಟೆಲ್ಕೊ ಮತ್ತು ಡೈಮ್ಲರ್-ಬೆಂಜ್ ಒಪ್ಪಂದದಿಂದ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿ ಹೊರಬಂತು. ನಮ್ಮವರು ಅದನ್ನು ‘ಬೆಂಜ್ ಲಾರಿ’ ಎಂದರು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಗುರುತು ಹೋದ ಮೇಲೂ ಹೆಸರು ಹೋಗಲಿಲ್ಲ. ಎಣ್ಣೂರಿನ ಅಶೋಕ್ ಲೇಲ್ಯಾಂಡ್ ‘ಕಾಮೆಟ್’ನೊಂದಿಗೆ ಎದುರು ನಿಂತಿತು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ ಬಿದಿರು, ಅರಣ್ಯ ಇಲಾಖೆಯ ಡಿಪೋಗಳಿಗೆ ಸಾಗವಾನಿ, ಮತ್ತಿ, ಹೊನ್ನೆ ಸಾಗಿಸುವ ಕೆಲಸ ಎರಡು ಪಂಗಡದ ಲಾರಿಗಳಿಗೂ ಅನ್ನ ಹಾಕಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಬಳಿಯ ಕಳಾಸೆ ಕಾಡಿನಲ್ಲಿ ಶುರುವಾದ, ಮರ ಅಪ್ಪಿ ಕಡಿತ ತಡೆದ ಅಪ್ಪಿಕೋ ಚಳವಳಿ ಆ ಕಾಲಕ್ಕೆ ತೆರೆ ಎಳೆಯತೊಡಗಿತು. ಒಳ್ಳೆಯದೇ ಆಯಿತು. ಆದರೆ ದಿಮ್ಮಿ ಲಾರಿಗಳ ಜೊತೆ ಅವನ್ನು ಓಡಿಸುವ ವಿದ್ಯೆಯೂ ಪಾಪದ ಲೆಕ್ಕಕ್ಕೆ ಸೇರಿಹೋದದ್ದು ಅನ್ಯಾಯ.

ಇಲ್ಲಿಂದ ಮುಂದಿನದು ನಮ್ಮ ತಲೆಮಾರಿನ ಕಥೆ. ಸ್ವಲ್ಪ ನಿಂತು ಹೇಳುತ್ತೇನೆ.

ಟಾಟಾ ಎಂಜಿನ್ನಿನ ಸಂಖ್ಯೆಯಲ್ಲೇ ಅದರ ಜಾತಕವಿದೆ. 692 ಎಂದರೆ ಆರು ಸಿಲಿಂಡರ್, 92 ಮಿ.ಮೀ. ಬೋರ್, 4.8 ಲೀಟರಿಗೆ ಕೂದಲೆಳೆ ಕಡಿಮೆ. 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್, ಸುಮಾರು 5.7 ಲೀಟರ್. 1210 ಲಾರಿಯಲ್ಲಿ 692, ಆಮೇಲಿನ 1612ರಲ್ಲಿ 697. ಇವು 2,800 ಸುತ್ತಿನವರೆಗೆ ಚುರುಕಾಗಿ ತಿರುಗುತ್ತಿದ್ದವು. ಬಯಲುಸೀಮೆಯಲ್ಲಿ ಓಡಲು ಹಿತ. ಲೇಲ್ಯಾಂಡಿನ 370 ಮತ್ತು 400 ಎಂಜಿನ್‌ಗಳ ಸಂಖ್ಯೆ ಘನ ಇಂಚಿನ ಲೆಕ್ಕ, ಅಂದರೆ ಸುಮಾರು 6.1 ಮತ್ತು 6.5 ಲೀಟರ್. ಅವುಗಳ ಗವರ್ನರ್ 2,400ಕ್ಕೇ ಕಟ್ಟುತ್ತಿತ್ತು. ಕೆಳಸುತ್ತಿನಲ್ಲಿ ಎಳೆತ ಕೊಟ್ಟು, ಗೇರ್ ಬದಲಿಸಲು ಆತುರಪಡಿಸದೆ, ತಿರುವಿನಲ್ಲಿ ಮುಗ್ಗರಿಸದೆ ಏರುತ್ತಿದ್ದವು. ಭಾರದ ಟ್ರೇಲರಿಗೆ ಬೇಕಾದದ್ದು ಈ ಗುಣ. ನಾನು ಲೇಲ್ಯಾಂಡ್ ಪಂಗಡದವನೆಂದು ಗೆಳೆಯರು ಆಡಿಕೊಳ್ಳುವುದುಂಟು, ಆಡಿಕೊಳ್ಳಲಿ. 11.1 ಲೀಟರಿನ 680 ಎಂಜಿನ್ ಇನ್ನೂ ದೊಡ್ಡ ಆಸಾಮಿ, ಹಿಪ್ಪೊ ಲಾರಿಯ ಹೃದಯ. ಭಾರೀ ಯಂತ್ರ ಸಾಗಿಸುವವರಿಗೆ ಮೆಚ್ಚಿನದು, ಡೀಸೆಲ್ ಬೆಲೆ ಕಟ್ಟುವವನಿಗಲ್ಲ. ಲೇಲ್ಯಾಂಡಿಗೆ ಆಮೇಲೆ ಬಂದ ಹಿನೊ ಎಂಜಿನ್‌ಗಳು ಹಗುರ, ಮಿತವ್ಯಯಿ. ಟ್ರೇಲರಿನವರು ಅವನ್ನು ಹೊಗಳಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಆದರೆ ಆ ಕಾಲದ ನಿಜವಾದ ಜಾಣತನ ಎಂಜಿನ್ನಿನಲ್ಲಿ ಇರಲಿಲ್ಲ, ಹಿಂದಿನ ಆಕ್ಸಲಿನ ಹೌಸಿಂಗಿನಲ್ಲಿತ್ತು. ಟಾಟಾ ಗಾಡಿಗೆ ಕ್ರೌನ್-ಪಿನಿಯನ್ ಹಲ್ಲಿನ ಲೆಕ್ಕದಲ್ಲಿ 7/41 ಮತ್ತು 6/41 ಎಂದು ಎರಡು ಬಗೆಯಲ್ಲಿ ಸಿಗುತ್ತಿತ್ತು. ಮೊದಲನೆಯದು ಓಟಕ್ಕೆ, ಎರಡನೆಯದು ಎಳೆತಕ್ಕೆ. 6/41 ಹಾಕಿದರೆ ಅದೇ ಎಂಜಿನ್, ಅದೇ ಗೇರಿನಲ್ಲಿ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 17ರಷ್ಟು ಹೆಚ್ಚುತ್ತದೆ, ವೇಗ ಅದಕ್ಕೆ ತಕ್ಕಂತೆ ಇಳಿಯುತ್ತದೆ. ದೊಡ್ಡ ಎಂಜಿನ್ ಹುಡುಕಿ ಲಕ್ಷಗಟ್ಟಲೆ ಸುರಿಯುವ ಮೊದಲು ನಮ್ಮ ಮೇಸ್ತ್ರಿಗಳು ಹೌಸಿಂಗ್ ಬಿಚ್ಚಿ ಹಲ್ಲು ಎಣಿಸುತ್ತಿದ್ದರು. ಈಗಿನವರಲ್ಲಿ ಹಲ್ಲು ಎಣಿಸಿದವರು ವಿರಳ.

ಲೆಕ್ಕ ಹೀಗಿದೆ. ಟ್ರೇಲರ್ ಸಮೇತ 30 ಟನ್ ತೂಕದ ಗಾಡಿ ನೂರಕ್ಕೆ ಐದು ಏರಿರುವ ರಸ್ತೆಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದಲ್ಲಿ ಬೇಕಾದದ್ದು ಸುಮಾರು 65 ಅಶ್ವಶಕ್ತಿ ಮಾತ್ರ. 20 ಕಿ.ಮೀ. ವೇಗಕ್ಕೆ 130. ಅಂದರೆ ಗೇರು, ಹೌಸಿಂಗು ಸರಿಯಿದ್ದರೆ ಪರ್ಕಿನ್ಸ್ ಕೂಡ ಅದನ್ನು ಮೇಲೆ ತಂದೀತು. ಹೆಚ್ಚಿನ ಎಚ್‌ಪಿ ಕೊಡುವುದು ಬೇಗ ತಲುಪುವ ಸುಖವನ್ನು. ಈಗ ಅದೇ ಗಾಡಿಯನ್ನು ಅದೇ ಇಳಿಜಾರಿನಲ್ಲಿ 30 ಕಿ.ಮೀ. ವೇಗದಲ್ಲಿ ಹಿಡಿದು ಇಳಿಸಿ. ವೇಗ ಏರದಂತೆ ತಡೆಯಲು ಹೀರಿಹಾಕಬೇಕಾದ ಶಕ್ತಿಯೂ ಸುಮಾರು 130 ಅಶ್ವಶಕ್ತಿಯೇ. ಕಿಲೋಮೀಟರುಗಟ್ಟಲೆ ಅದನ್ನು ಬ್ರೇಕ್ ಲೈನರುಗಳಿಗೇ ಬಿಟ್ಟರೆ ಡ್ರಮ್ ಕಾದು, ಲೈನರ್ ಹಿಡಿತ ಬಿಟ್ಟು, ಪೆಡಲ್ ಇದ್ದೂ ಇಲ್ಲದಂತಾಗುತ್ತದೆ. ಕಾದ ಲೈನರಿನ ವಾಸನೆ ಗೊತ್ತಿಲ್ಲದ ಡ್ರೈವರ್ ದೇವಿಮನೆಯಲ್ಲಿ ಇಲ್ಲ.

ಹಾಗಾಗಿ ಘಟ್ಟದಲ್ಲಿ ಎಂಜಿನ್ನಿಗೆ ಎರಡು ಕೆಲಸ: ಹತ್ತುವಾಗ ಎಳೆಯುವುದು, ಇಳಿಯುವಾಗ ತಡೆಯುವುದು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರಂತೆ ಗಾಳಿ ಕಟ್ಟುವ ಬಾಗಿಲಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಗಾಳಿ ಸಲೀಸಾಗಿ ಒಳಗೆ ಬಂದು ಹೋಗುತ್ತದೆ, ತಡೆ ಕಡಿಮೆ. ಅದಕ್ಕೆಂದೇ ಎಕ್ಸಾಸ್ಟ್ ಬ್ರೇಕ್. ಡ್ರೈವರ್ ಗುಂಡಿ ಒತ್ತಿದೊಡನೆ ಗಾಳಿ ಸಿಲಿಂಡರಿನ ರಾಡು ಸೈಲೆನ್ಸರ್ ಕೊಳವೆಯೊಳಗಿನ ತಟ್ಟೆಯನ್ನು ಅಡ್ಡ ತಿರುಗಿಸುತ್ತದೆ, ಡೀಸೆಲ್ ಕಟ್ಟಾಗುತ್ತದೆ, ಹೊರಹೋಗಲಾರದ ಗಾಳಿಯ ಎದುರು ಪಿಸ್ಟನ್‌ಗಳು ಮೈಮುರಿದು ದುಡಿಯುತ್ತವೆ. ಆ ತಟ್ಟೆ ಮಸಿ ಕಟ್ಟಿ ಅರ್ಧಕ್ಕೇ ನಿಲ್ಲುತ್ತದೆಯೋ ಎಂದು ನೋಡಲು ಐದು ನಿಮಿಷ ಸಾಕು. ಹಳೆಯ ಗಾಡಿ ಕೊಳ್ಳುವವರು ಆ ಐದು ನಿಮಿಷವನ್ನು ಕ್ಯಾಬಿನ್ನಿನ ಬಣ್ಣ ನೋಡಲು ಕೊಡುತ್ತಾರೆ. ಇದರೊಂದಿಗೆ ಹಳೆಯ ಸೂತ್ರವೊಂದಿದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಹೊಡೆಯುವವರು ಉಳಿಸುವುದು ಲೀಟರಿನ ಲೆಕ್ಕ, ಒತ್ತೆ ಇಡುವುದು ಜೀವ.

1993ರಲ್ಲಿ ಟಾಟಾ ಕಮಿನ್ಸ್ ಜಂಟಿ ಕಂಪನಿ ಹುಟ್ಟಿತು. ಅದರ 5.9 ಲೀಟರಿನ ಟರ್ಬೊ ಎಂಜಿನ್ ಬಂದಮೇಲೆ ನನ್ನ ಲೇಲ್ಯಾಂಡ್ ನಿಷ್ಠೆಯೂ ಸಡಿಲಾಯಿತು. 1613ರಿಂದ ಹಿಡಿದು 3516 ಎಳೆಯುವ ಗಾಡಿಯವರೆಗೆ ಅದೇ ಮನೆತನ. ಮುಂದಿನ ದಶಕದಲ್ಲಿ ಸಂಡೂರು-ಹೊಸಪೇಟೆಯ ಅದಿರು ಯಲ್ಲಾಪುರ ದಾಟಿ ಅರಬೈಲ್ ಇಳಿದು ಬೇಲೇಕೇರಿಗೆ ಹೋಗತೊಡಗಿದಾಗ ಈ ಎಂಜಿನ್ನಿನ ಪರೀಕ್ಷೆ ನಡೆಯಿತು. ಅದು ಪಾಸಾಯಿತು, ರಸ್ತೆ, ಕಾನೂನು, ಆಡಳಿತ ಫೇಲಾದವು. 2010ರಲ್ಲಿ ರಫ್ತು ನಿಂತಿತು, 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು. ಕೆಲಸವಿಲ್ಲದೆ ನಿಂತ ಲಾರಿಗಳ ಎಂಜಿನ್‌ಗಳು ಹುಬ್ಬಳ್ಳಿಯ ಗುಜರಿಗೆ ಹೋಗಿ, ಅಲ್ಲಿಂದ ಬೇರೆ ಗಾಡಿಗಳ ಎದೆಗೂಡು ಸೇರಿದವು. ಇಂದು ‘ಒಳ್ಳೇ ಹಳೇ ಎಂಜಿನ್’ ಎಂದು ಮಾರುವವರು ಅದಿರಿನ ಓವರ್‌ಲೋಡ್ ಎಳೆದು ಬಳಲಿದ್ದನ್ನೂ ಮಾರುತ್ತಿರಬಹುದು.

ಆದ್ದರಿಂದ ಬೆಳಿಗ್ಗೆ ಹೋಗಿ ನೋಡಿ, ಎಂಜಿನ್ ತಣ್ಣಗಿರಬೇಕು. ಮಾಲೀಕ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಚಹಾ ಕುಡಿದು ವಾಪಸು ಬನ್ನಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಮಗುಚಿ ಅದರ ಬಾಯಿಯ ಮೇಲೇ ಇಡಿ. ಸುಮ್ಮನೆ ಅದುರುತ್ತ ಕೂತರೆ ಚಿಂತೆಯಿಲ್ಲ. ಕುಣಿದು ಹಾರಿಬಿದ್ದರೆ ರಿಂಗ್, ಬೋರ್ ಸವೆದಿವೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹಳೆಯ ಟಾಟಾ, ಲೇಲ್ಯಾಂಡಿಗೆ ಲೈನರ್-ಪಿಸ್ಟನ್ ಕಿಟ್ ತಂದು ಕೂರಿಸಬಹುದು. ಕಮಿನ್ಸ್ 5.9ರಲ್ಲಿ ಲೈನರಿಲ್ಲ, ಪಿಸ್ಟನ್ ಬ್ಲಾಕಿನಲ್ಲೇ ಓಡುತ್ತದೆ. ಬೋರ್ ಸವೆದರೆ ಬ್ಲಾಕನ್ನೇ ಇಳಿಸಿ ಮೆಷಿನ್ ಶಾಪಿಗೆ ಒಯ್ಯಬೇಕು. ಟರ್ಬೊ ಇರುವ ಗಾಡಿ ಘಟ್ಟ ಹತ್ತಿ ಬಂದೊಡನೆ ಬಂದ್ ಮಾಡಬಾರದು, ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಬೇಕು. ಇಲ್ಲದಿದ್ದರೆ ಕಾದ ಬೇರಿಂಗಿನಲ್ಲಿ ಆಯಿಲ್ ಕರಕಲಾಗುತ್ತದೆ. ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಶಿರಸಿಯ ಕೆಎ-31 ಎಂದು ಬರೆಸಿಕೊಂಡ ಎಷ್ಟೋ ಗಾಡಿಗಳ ಮಾಲೀಕರು ಇದನ್ನು ಮರೆತಿರುತ್ತಾರೆ. ಅಪಘಾತವಾದ ದಿನ ವಿಮೆ ಕಂಪನಿ ನೆನಪಿಸುತ್ತದೆ.

ನನ್ನ ಶಿಫಾರಸು ಕೇಳಿದರೆ: ಲೋಬೆಡ್ಡಿಗೆ ಮೆಕ್ಯಾನಿಕಲ್ ಪಂಪಿನ ಕಮಿನ್ಸ್ 5.9, ಓವರ್‌ಲೋಡಿನ ಗಾಡಿಯಿಂದ ಬಂದಿರದಿದ್ದರೆ. ಊರೊಳಗಿನ ನಿಧಾನದ ಕೆಲಸಕ್ಕೆ ಲೇಲ್ಯಾಂಡ್ 400. ಬಿಡಿಭಾಗದ ಅಗ್ಗಕ್ಕೆ ಟಾಟಾ 697. ಮೂರರಲ್ಲೂ ಎಕ್ಸಾಸ್ಟ್ ಬ್ರೇಕ್, ರೇಡಿಯೇಟರ್, ಟ್ರೇಲರಿನ ಬ್ರೇಕಿಗೆ ಹೋಗುವ ಎರಡೂ ಗಾಳಿ ಪೈಪುಗಳು ಮೊದಲು, ಎಚ್‌ಪಿ ಕೊನೆಗೆ.

ಈ ಮೂರೂ ಎಂಜಿನ್‌ಗಳ ಆಯುಸ್ಸು ನಿಂತಿರುವುದು ಇನ್‌ಲೈನ್ ಪಂಪನ್ನು ಬೆಂಚಿನ ಮೇಲೆ ಕೂರಿಸಿ, ಆರೂ ಸಿಲಿಂಡರಿಗೆ ಸಮನಾಗಿ ಡೀಸೆಲ್ ಅಳೆದು ಕೊಡಬಲ್ಲ ಕೈಗಳ ಮೇಲೆ. ಆ ಪಂಪುಗಳನ್ನು ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ಕೊಟ್ಟಿತು. ರಿಪೇರಿಯ ವಿದ್ಯೆಯನ್ನು ಹುಬ್ಬಳ್ಳಿ, ಶಿರಸಿಯ ಅನಾಮಿಕ ಮೇಸ್ತ್ರಿಗಳು ಬೆಳೆಸಿದರು. 2020ರ ಬಿಎಸ್-6 ನಿಯಮದ ನಂತರ ಹೊಸ ಹುಡುಗರು ಲ್ಯಾಪ್‌ಟಾಪ್ ಹಿಡಿದು ದೋಷ ಓದುವುದನ್ನು ಕಲಿಯುತ್ತಿದ್ದಾರೆ, ಅದೂ ಬೇಕು. ಆದರೆ ಪಂಪ್ ಬೆಂಚಿನ ಮುಂದೆ ಕೂತು ಕಲಿಯುವ ಹುಡುಗರು ಕಾಣುತ್ತಿಲ್ಲ, ಕಲಿಸುವವರಿಗೆ ವಯಸ್ಸಾಗಿದೆ. ಅಡಿಕೆ ಕೊನೆ ಕೊಯ್ಯುವ ಕೌಶಲಕ್ಕೆ ತರಬೇತಿ ಶಿಬಿರ ನಡೆಸುವ ಜಿಲ್ಲೆಯಲ್ಲಿ ಇದಕ್ಕೊಂದು ಶಿಬಿರ ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಹಳೆಯ ಎಂಜಿನ್ ಕೊಳ್ಳುವವರು ಅದರ ಬೆಲೆ ಕೇಳುವ ಮೊದಲು, ಅದರ ಪಂಪ್ ಕಟ್ಟಬಲ್ಲ ಮೇಸ್ತ್ರಿ ಇನ್ನೂ ಅಂಗಡಿ ತೆರೆಯುತ್ತಿದ್ದಾರೆಯೇ ಎಂದು ವಿಚಾರಿಸಿಕೊಳ್ಳಲಿ.